ಶುಲ್ಕ ಕಟ್ಟಿದರೆ ಸಾಲದು, ಶಾಲೆ ತನ್ನದೆನಿಸಬೇಕು



ವಿದ್ಯಾರ್ಥಿವೇತನ ಮಂಜೂರಾದ ಮೇಲೂ ಕೆಲವು ಮಕ್ಕಳು ಶಾಲೆ ಬಿಡುತ್ತಾರೆ. ಶುಲ್ಕ ಕಟ್ಟಿರುತ್ತೇವೆ, ನೋಟ್‌ಬುಕ್ ಕೊಟ್ಟಿರುತ್ತೇವೆ, ಬಸ್ ಪಾಸ್ ಇರುತ್ತದೆ. ಆದರೂ ಮಗು ಮನೆಯಲ್ಲಿ. ಕಾರಣ ಕೇಳಲು ಮನೆಗೆ ಹೋದಾಗ ನಾವು ಮತ್ತೆ ಮತ್ತೆ ಕೇಳಿದ ಮಾತು: "ಅಲ್ಲಿ ನನ್ನನ್ನು ಯಾರೂ ಮಾತಾಡಿಸೋದಿಲ್ಲ."

ಇದು ಹೆಚ್ಚಾಗಿ ಕಾಣುವುದು ಎಂಟನೆಯ ತರಗತಿಯಲ್ಲಿ. ನಮ್ಮ ಅನೇಕ ಮಕ್ಕಳು ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ, ಹತ್ತಿರದಲ್ಲಿ ಉರ್ದು ಪ್ರೌಢಶಾಲೆ ಇಲ್ಲದೆ ಕನ್ನಡ ಮಾಧ್ಯಮಕ್ಕೆ ಸೇರುತ್ತಾರೆ. ಹಾಗೆ ಸೇರಿದ ಹುಡುಗಿಯೊಬ್ಬಳಿಗೆ ವಿಜ್ಞಾನದ ಮೇಷ್ಟ್ರು ದ್ಯುತಿಸಂಶ್ಲೇಷಣೆ ಎಂದರೇನು ಎಂದು ಕೇಳಿದರು. ಅವಳು ಸುಮ್ಮನೆ ನಿಂತಳು. ಅದೇ ಪಾಠವನ್ನು 'ಝಿಯಾಈ ತಾಲೀಫ್' ಎಂಬ ಹೆಸರಿನಲ್ಲಿ ಚೆನ್ನಾಗಿಯೇ ಕಲಿತಿದ್ದಳು. ಕನ್ನಡದ ಪದ ಮಾತ್ರ ಗೊತ್ತಿರಲಿಲ್ಲ. ತರಗತಿ ನಕ್ಕಿತು. ಮರುದಿನದಿಂದ ಹೊಟ್ಟೆನೋವೆಂದು ಮನೆಯಲ್ಲೇ ಉಳಿದಳು. ಕೊನೆಗೆ ಅದೇ ಮೇಷ್ಟ್ರು ಮನೆಗೆ ಫೋನ್ ಮಾಡಿ, "ಎಲೆಯ ಚಿತ್ರ ಬರೆದು ನಿನ್ನ ಭಾಷೇಲೇ ಹೇಳಮ್ಮ, ಕನ್ನಡದ ಪದ ನಾನು ಹೇಳಿಕೊಡ್ತೀನಿ" ಎಂದರು. ಅವಳು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ.

ಶಾಲೆ ತನ್ನದೆನಿಸುವುದು ಇಂಥ ಸಣ್ಣ ಕೆಲಸಗಳಿಂದಲೇ. ಮಗುವಿನ ಹೆಸರನ್ನು ಸರಿಯಾಗಿ ಕರೆಯುವುದು, ಹೊಸಬರ ಪಕ್ಕ ಒಬ್ಬ ಗೆಳತಿಯನ್ನು ಕೂರಿಸುವುದು, ಎರಡು ದಿನ ಬಾರದಿದ್ದರೆ ವಿಚಾರಿಸುವುದು. ಹಂಗಿಸಿ ಮಾತಾಡುವುದನ್ನು ಯಾರೂ ಸಹಿಸಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಸಿಬ್ಬಂದಿಗೂ ಇದೇ ಮಾತು ಸಲ್ಲುತ್ತದೆ. ಮುಂದಿನ ಜೂನ್‌ನಲ್ಲಿ ತಾವು ಇಲ್ಲಿರುತ್ತೇವೋ ಇಲ್ಲವೋ ಎಂಬುದು ಅತಿಥಿ ಶಿಕ್ಷಕರಿಗೆ ಗೊತ್ತಿರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಕುರ್ಚಿಯಿಲ್ಲದ, ಸಭೆಯಲ್ಲಿ ಮಾತಿಲ್ಲದ ಶಿಕ್ಷಕಿ 'ಇದು ನಿಮ್ಮ ಶಾಲೆ' ಎಂದು ಮಕ್ಕಳಿಗೆ ಹೇಗೆ ಹೇಳಿಯಾರು? ಯಾವ ಮಗು ಊಟ ಬಿಡುತ್ತಿದೆ ಎಂದು ಮೊದಲು ತಿಳಿಯುವುದು ಬಿಸಿಯೂಟ ಬಡಿಸುವವರಿಗೆ. ಅವರನ್ನೂ ಕೂರಿಸಿ ಕೇಳುವ ಮುಖ್ಯೋಪಾಧ್ಯಾಯರಿಗೆ ಮಗುವಿನ ಕಷ್ಟ ಬೇಗ ಗೊತ್ತಾಗುತ್ತದೆ.

ಪೋಷಕರಿಗೂ ಇಲ್ಲಿ ಜಾಗವಿದೆ. ಅದೇ ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ, ಅಂದರೆ ನಮ್ಮ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ತಾಯಂದಿರೇ, ಸಭೆಗೆ ಹೋಗಿ. ಕನ್ನಡ ತಡವರಿಸಿದರೂ ಚಿಂತೆಯಿಲ್ಲ. ನೀವು ಅಲ್ಲಿ ಕೂತಿರುವುದನ್ನು ಮಗು ನೋಡಲಿ.

ಅರ್ಜಿದಾರರ ಗಮನಕ್ಕೆ: ಈ ಸಾಲಿನ ಅರ್ಜಿಯಲ್ಲಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳ ಜೊತೆಗೆ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇವೆ: 'ಶಾಲೆಯಲ್ಲಿ ಕಷ್ಟವಾದರೆ ಯಾರಿಗೆ ಹೇಳುತ್ತೀಯ?' ಉತ್ತರವನ್ನು ಮಗುವೇ ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಬರೆಯಬೇಕು. ಇದಕ್ಕೂ ಆಯ್ಕೆಗೂ ಸಂಬಂಧವಿಲ್ಲ. ಆ ಜಾಗ ಖಾಲಿ ಉಳಿದಿದ್ದರೆ, ಪೋಷಕರ ಒಪ್ಪಿಗೆ ಪಡೆದು ನಮ್ಮ ಕಾರ್ಯಕರ್ತರು ಶಾಲೆಗೆ ಹೋಗಿ ಶಿಕ್ಷಕರೊಂದಿಗೆ ಮಾತಾಡುತ್ತಾರೆ.

ದಾನಿಗಳೇ, ನಿಮ್ಮ ಹಣ ಮಗುವನ್ನು ಶಾಲೆಯ ಬಾಗಿಲವರೆಗೆ ತಲುಪಿಸುತ್ತದೆ. ಮುಂದಿನ ವರ್ಷ ಎಷ್ಟು ಮಕ್ಕಳಿಗೆ ಕೊಟ್ಟಿರಿ ಎಂದು ನಮ್ಮನ್ನು ಕೇಳುವಾಗ, ಎಷ್ಟು ಮಕ್ಕಳು ಶಾಲೆಯಲ್ಲಿ ಉಳಿದರು ಎಂದೂ ಕೇಳಿ. ಇನ್‌ಶಾ ಅಲ್ಲಾಹ್, ಅದಕ್ಕೂ ಲೆಕ್ಕ ಕೊಡುತ್ತೇವೆ.