ಹುಬ್ಬಳ್ಳಿಗೆ ಹೋಗುವ ಕಣ್ಣಿನ ಬಸ್ಸು

ಜುಲೈ ಬಂತೆಂದರೆ ಹಾವೇರಿ ಜಿಲ್ಲೆಯ ಪತ್ರಿಕಾ ಪುಟಗಳಲ್ಲಿ ಒಂದೇ ಬಗೆಯ ಚಿತ್ರಗಳು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಊರು ಯಾವುದೇ ಇರಲಿ, ಒಂದು ವೇದಿಕೆ, ಹಿಂದೊಂದು ಬ್ಯಾನರ್, ಮುಂದೆ ಹಾರ ಹಾಕಿಕೊಂಡು ಸಾಲಾಗಿ ನಿಂತ ಮಂದಿ. ಲಯನ್ಸ್, ರೋಟರಿಗಳಿಗೆ ಹೊಸ ವರ್ಷ ಹುಟ್ಟುವುದು ಜುಲೈ 1ಕ್ಕೆ. ಅದು ಪದಗ್ರಹಣದ ಸುಗ್ಗಿ. ಬೀಜ-ಗೊಬ್ಬರದ ಅಂಗಡಿಯವರು, ವಕೀಲರು, ಎಲ್‌ಐಸಿ ಏಜೆಂಟರು, ನಿವೃತ್ತ ಹೆಡ್‌ಮಾಸ್ತರರು, ಊರಿನ ಒಬ್ಬಿಬ್ಬರು ಡಾಕ್ಟರು. ತಾಲ್ಲೂಕು ಕೇಂದ್ರದ ಸೇವಾ ಕ್ಲಬ್ಬೆಂದರೆ ಹೆಚ್ಚುಕಡಿಮೆ ಇಷ್ಟೇ ಜನ.

ಇವರು ಮಾಡುವ ಕೆಲಸಗಳ ಪಟ್ಟಿಯೂ ಎಲ್ಲ ಕಡೆ ಒಂದೇ. ನೋಟ್‌ಬುಕ್ ಹಂಚಿಕೆ, ರಕ್ತದಾನ, ಬೇಸಿಗೆಯಲ್ಲಿ ಕುಡಿಯುವ ನೀರು, ಸೆಪ್ಟೆಂಬರಿನಲ್ಲಿ ಶಿಕ್ಷಕರಿಗೆ ಶಾಲು, ಬಸ್ ನಿಲ್ದಾಣದಲ್ಲಿ ದಾನಿಗಳ ಹೆಸರು ಬರೆದ ಸಿಮೆಂಟಿನ ಬೆಂಚು. ಪೋಲಿಯೊ ಹನಿ ಹಾಕುವ ಭಾನುವಾರಗಳಲ್ಲಿ ರೋಟರಿಯವರು ಬೂತಿನ ಬಳಿ ಇರುತ್ತಿದ್ದರು. ಭಾರತದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಹಾಗಾಗಿ ಆ ಓಡಾಟ ಈಗ ಮೊದಲಿನಷ್ಟಿಲ್ಲ. ಇವೆಲ್ಲ ಇರಲಿ. ನನ್ನನ್ನು ಹಿಡಿದು ನಿಲ್ಲಿಸುವುದು ಕಣ್ಣಿನ ಶಿಬಿರ.

ಇದರ ಇತಿಹಾಸವನ್ನು ಲಯನ್ಸ್ ಕ್ಲಬ್ಬಿನ ಕೈಪಿಡಿ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. 1917ರಲ್ಲಿ ಶಿಕಾಗೊದಲ್ಲಿ ಮೆಲ್ವಿನ್ ಜೋನ್ಸ್ ಲಯನ್ಸ್ ಕಟ್ಟಿದ್ದು, 1925ರಲ್ಲಿ ಒಹಾಯೊದ ಸಮಾವೇಶಕ್ಕೆ ಬಂದ ಹೆಲೆನ್ ಕೆಲ್ಲರ್ ಅಂಧರ ಪರವಾಗಿ ನಿಲ್ಲಿರೆಂದು ಕೇಳಿಕೊಂಡದ್ದು, 1956ರಲ್ಲಿ ಲಯನ್ಸ್ ಭಾರತಕ್ಕೆ ಬಂದದ್ದು. ಆದರೆ ಹಾನಗಲ್ಲಿನ ನೆಲಕ್ಕೆ ಅದಕ್ಕಿಂತ ಹಳೆಯದೊಂದು ಕಥೆಯಿದೆ. ಈ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಕಣ್ಣಿಲ್ಲದ ಇಬ್ಬರು ಅಣ್ಣತಮ್ಮಂದಿರಿದ್ದರು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಅವರನ್ನು ಕರೆತಂದು ಸಂಗೀತ ಕಲಿಯಲು ಹಚ್ಚಿದರು. ಕಿರಿಯವನೇ ಮುಂದೆ ಪಂಚಾಕ್ಷರಿ ಗವಾಯಿಗಳಾದದ್ದು (1892–1944). ಇದೇ ತಾಲ್ಲೂಕಿನಲ್ಲಿ 1914ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಅವರ ಶಿಷ್ಯರಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಈ ಗುರುಶಿಷ್ಯರದು. ಅಂಧ ಮಕ್ಕಳಿಗೆ ಅಲ್ಲಿ ಅನ್ನವೂ ಉಂಟು, ಸ್ವರವೂ ಉಂಟು. ಪದಗ್ರಹಣದ ಭಾಷಣಗಳಲ್ಲಿ ಹೆಲೆನ್ ಕೆಲ್ಲರ್ ಜೊತೆಗೆ ಕಾಡಶೆಟ್ಟಿಹಳ್ಳಿಯ ಹೆಸರೂ ಬರಬೇಕು ಎಂಬುದು ನನ್ನ ಆಸೆ.

ಇನ್ನು ಶಿಬಿರವೆಂಬ ಪದ್ಧತಿಯೇ ನಮ್ಮ ಕಡೆ ಬೇರೂರಿದ್ದು ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರಿಂದ. 1943ರಿಂದ ಅವರು ಊರೂರು ಸುತ್ತಿ ಪುಕ್ಕಟೆ ಶಸ್ತ್ರಚಿಕಿತ್ಸೆ ಮಾಡಿದರು. ಶಾಲೆಯ ಕೋಣೆಯೋ ಛತ್ರವೋ ಸಿಕ್ಕರೆ ಅದೇ ಆಸ್ಪತ್ರೆ. ಮೇಜುಗಳನ್ನು ಸಾಲಾಗಿ ಜೋಡಿಸಿ ರೋಗಿಗಳನ್ನು ಮಲಗಿಸುತ್ತಿದ್ದರು. ಸಹಾಯಕರು ಮುಂದೆ ಮುಂದೆ ಸಿದ್ಧ ಮಾಡುತ್ತ ಹೋದಂತೆ ಡಾಕ್ಟರು ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತ, ನೆಟ್ಟಿ ಹಚ್ಚುವವರ ಹಾಗೆ ಸಾಲು ಮುಗಿಸುತ್ತಿದ್ದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ. 1993ರ ಹೊತ್ತಿಗೆ ಒಟ್ಟು ಲೆಕ್ಕ 6 ಲಕ್ಷ ದಾಟಿತ್ತೆಂದು ಗಿನ್ನೆಸ್ ಪುಸ್ತಕ ದಾಖಲಿಸಿತು. ಪದ್ಮಶ್ರೀ, ಪದ್ಮಭೂಷಣಗಳೆರಡೂ ಬಂದವು. ಜನ ಮಾತ್ರ ಅವರನ್ನು ‘ಕಣ್ಣು ಕೊಟ್ಟ ಅಣ್ಣ’ ಎಂದೇ ಕರೆದರು. 2005ರಲ್ಲಿ ತೀರಿಕೊಂಡರು.

ಆ ಕಾಲದ ಶಸ್ತ್ರಚಿಕಿತ್ಸೆ ಸಲೀಸಾಗಿರಲಿಲ್ಲ. ಪೊರೆ ಪೂರ್ತಿ ಹಣ್ಣಾಗುವ ತನಕ ಕಾಯಬೇಕಿತ್ತು. ಆಮೇಲೆ ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ಅಲುಗಾಡದಂತೆ ಮಲಗಿಸುತ್ತಿದ್ದರು. ಕೊನೆಗೆ ಸಿಗುತ್ತಿದ್ದದ್ದು ಸೋಡಾ ಬಾಟಲಿಯ ತಳದಂಥ ಕನ್ನಡಕ. ನೂರಾರು ರೋಗಿಗಳಿಗೆ ಹಾಸಿಗೆ, ಗಂಜಿ, ಬಿಸಿನೀರು ಹೊಂದಿಸುವ ಹೊಣೆ ಊರವರ ಮೇಲೆ ಬೀಳುತ್ತಿತ್ತು. ಸೇವಾ ಸಂಸ್ಥೆಗಳು ಹೆಗಲು ಕೊಟ್ಟದ್ದು ಇಲ್ಲಿಯೇ.

ಶಾಲೆಯ ಕೋಣೆಯಲ್ಲಿ ಕಣ್ಣು ಕೊಯ್ಯುವ ಪದ್ಧತಿ ಈಗಿಲ್ಲ. ಶಿಬಿರಗಳಲ್ಲಿ ಸೋಂಕು ತಗುಲಿ ಕಣ್ಣು ಹೋದ ಘಟನೆಗಳು ದೇಶದ ಅಲ್ಲಲ್ಲಿ ನಡೆದ ಮೇಲೆ, ಹಳ್ಳಿಯಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲೇ ಎಂಬ ಕ್ರಮ ಬಂತು. ತಪಾಸಣೆಯ ಹಿಂದಿನ ದಿನ ಆಟೊದಲ್ಲಿ ಮೈಕು ಕಟ್ಟಿ ಹಳ್ಳಿಗಳಲ್ಲಿ ಸಾರುತ್ತಾರೆ. ಬೆಳಿಗ್ಗೆ ಆಧಾರ್ ಕಾರ್ಡು ಹಿಡಿದು ಅಜ್ಜ-ಅಜ್ಜಿಯರ ಸಾಲು. ಅಕ್ಷರ ಬಾರದವರು ಇಂಗ್ಲಿಷಿನ ‘E’ ಗುರುತಿನ ಕಾಲು ಯಾವ ಕಡೆಗಿದೆ ಎಂದು ಕೈಯಿಂದ ತೋರಿಸುತ್ತಾರೆ. ಆಮೇಲೆ ಪಾಪೆ ಹಿಗ್ಗಿಸುವ ಹನಿ, ಬಿಪಿ, ಶುಗರು. ಶುಗರು ಮಿತಿಮೀರಿದ್ದರೆ ಆ ದಿನಕ್ಕೆ ವಾಪಸ್ಸು. ನಡುವೆ ಉದ್ಘಾಟನೆಯೂ ಆಗಬೇಕಲ್ಲ! ಡ್ರಾಪ್ಸ್ ಹಾಕಿಸಿಕೊಂಡು ಕೂತ ಅಜ್ಜಿಗೆ ವೇದಿಕೆಯ ಮೇಲಿನ ಗಣ್ಯರ ಮುಖ ಮೊದಲಿಗಿಂತಲೂ ಮಸುಕು, ಭಾಷಣ ಮಾತ್ರ ಪೂರ್ತಿ. ಭಾಷಣಗಳನ್ನು ಅರ್ಧಕ್ಕಿಳಿಸಿದರೆ ಅದೂ ಒಂದು ಸೇವೆಯೇ.

ಕ್ಲಬ್ಬಿನ ನಿಜವಾದ ಕೆಲಸ ಫೋಟೊ ತೆಗೆದಾದ ಮೇಲೆ. ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರೆಲ್ಲ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವ ಬಸ್ಸು ಹತ್ತುವುದಿಲ್ಲ. “ಇನ್ನೆಷ್ಟ್ ದಿನ ಇರ್ತೀನ್ರಿ, ಈಗ ಯಾಕ್ರಿ ಇದೆಲ್ಲಾ” ಎನ್ನುವವರಿದ್ದಾರೆ. ಗೋವಿನಜೋಳ ಒಕ್ಕಿ ಆಗಲಿ ಎನ್ನುವವರಿದ್ದಾರೆ. ಬೇಸಿಗೆಯಲ್ಲಿ ಕಣ್ಣು ಮುಟ್ಟಿಸಬಾರದೆಂದು ಹಟ ಹಿಡಿಯುವವರೂ. ಜೊತೆಗೆ ಬರಲು ಮನೆಯಲ್ಲಿ ಯಾರೂ ಇಲ್ಲದಿರುವುದು ಎಲ್ಲಕ್ಕಿಂತ ದೊಡ್ಡ ತೊಡಕು, ಮಗ ಬೆಂಗಳೂರಲ್ಲಿ, ಸೊಸೆ ಕೂಲಿಗೆ. ಇಂಥವರನ್ನು ಹೆಸರು ಹಿಡಿದು ಕರೆದು, “ನಾ ಬರ್ತೀನಿ ನಡೀ ಯವ್ವಾ” ಎಂದು ಹುಬ್ಬಳ್ಳಿಗೆ ಕರೆದೊಯ್ದು, ಮರುದಿನ ಹಸಿರು ಪಟ್ಟಿಯೊಂದಿಗೆ ಮನೆ ಮುಟ್ಟಿಸುವ ಒಬ್ಬ ಕಾರ್ಯದರ್ಶಿ ಇದ್ದರೆ ಶಿಬಿರ ಗೆಲ್ಲುತ್ತದೆ. ಮಸೂರ ಕೂರಿಸುವ ಕೆಲಸ ಕೆಲವೇ ನಿಮಿಷಗಳದು. ಆಮೇಲೆ ವಾರಗಟ್ಟಲೆ ಹೊತ್ತು ಹೊತ್ತಿಗೆ ಹನಿ ಹಾಕಬೇಕು, ನೀರು ತಾಗಿಸಬಾರದು, ಒಲೆಯ ಹೊಗೆಗೆ ಕೂರಬಾರದು, ಮರುತಪಾಸಣೆಗೆ ಹೋಗಬೇಕು. ಇದನ್ನು ನೆನಪಿಸಲು ಒಬ್ಬರು ಬೇಕು.

ಆ ಒಬ್ಬರೇ ಈಗ ಅಪರೂಪ. ಕ್ಲಬ್ಬುಗಳ ಸದಸ್ಯರಿಗೆ ವಯಸ್ಸಾಗುತ್ತಿದೆ. ಓದಿದ ಮಕ್ಕಳು ಊರು ಬಿಟ್ಟಿದ್ದಾರೆ. 1987ರಿಂದ ಲಯನ್ಸ್ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿದೆ, ಆದರೂ ಗುಂಪು ಚಿತ್ರಗಳಲ್ಲಿ ಅವರು ಅಂಚಿನಲ್ಲೇ ಇದ್ದಾರೆ. ಅಜ್ಜಿಯರ ಕೈ ಹಿಡಿದು ಮಾತಾಡಿಸಲು ಅವರಿಗಿಂತ ತಕ್ಕವರು ಯಾರು? ಇತ್ತ ಆಸ್ಪತ್ರೆಗಳು ತಾವೇ ವ್ಯಾನು ಕಳಿಸುತ್ತವೆ, ಸರ್ಕಾರಿ ಆಸ್ಪತ್ರೆಯಲ್ಲೂ ಪೊರೆ ತೆಗೆಯುವುದು ಉಚಿತ. ಕ್ಲಬ್ಬಿಗೆ ಉಳಿಯುವುದು ಬ್ಯಾನರ್ ಕಟ್ಟುವ ಕೆಲಸ ಮಾತ್ರ ಎಂದು ಹಳಬರು ನಿಟ್ಟುಸಿರು ಬಿಟ್ಟರೆ ಅದು ಸಹಜವೇ.

ಯುವಕರು ಇಲ್ಲವೆಂದೇನಲ್ಲ. ರಕ್ತ ಬೇಕೆಂದು ವಾಟ್ಸ್ಆ್ಯಪ್‌ನಲ್ಲಿ ಬಿದ್ದರೆ ಬೈಕು ಹತ್ತಿ ಬರುತ್ತಾರೆ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡು ಅವರ ಕಣ್ಣುಗಳು ದಾನವಾದಾಗ ನೇತ್ರದಾನಕ್ಕೆ ಹೆಸರು ಬರೆಸಲು ರಾಜ್ಯವಿಡೀ ಮುಗಿಬಿದ್ದವರು ಅವರೇ. ಆದರೆ ಯಾರದೋ ಅಜ್ಜಿಯ ಪಕ್ಕದ ಸೀಟಿನಲ್ಲಿ ಹುಬ್ಬಳ್ಳಿಯ ತನಕ ಕೂತು, ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಮಲಗಿ ಬರಲು ಇಡೀ ಎರಡು ದಿನ ಬೇಕು. ದೀಪಾವಳಿ ಕಳೆದ ಮೇಲೆ ಶಿಬಿರಗಳು ಮತ್ತೆ ಶುರುವಾಗುತ್ತವೆ. ಬಸ್ಸಿಗೆ ದುಡ್ಡು ಹೇಗೋ ಕೂಡುತ್ತದೆ, ಜೊತೆಗೆ ಹೋಗುವವರನ್ನು ಹುಡುಕುವ ಕೆಲಸವನ್ನು ಈಗಿನಿಂದಲೇ ಶುರು ಮಾಡಬೇಕು.