ರಾತ್ರಿಯ ಅನ್ನ, ಬೆಳಗಿನ ಚಿತ್ರಾನ್ನ

ಪ್ರಶ್ನೆ: ರಾತ್ರಿ ಉಳಿದ ಅನ್ನವನ್ನು ಹಾಗೇ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುತ್ತೇವೆ. ಒಗ್ಗರಣೆಯಲ್ಲಿ ಬಿಸಿಯಾದ ಮೇಲೆ ಭಯವಿಲ್ಲ ತಾನೆ?
– ಓದುಗರು, ಲೇಪಾಕ್ಷಿ

ಉತ್ತರ: ಭಯವಿದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯದೆ, ಅನ್ನ ಬೆಚ್ಚಗೆ ಕೂತಾಗ ಮೊಳೆಯುತ್ತವೆ. ಆ ಜೀವಿ ಬಿಡುವ, ವಾಂತಿ ತರಿಸುವ ವಿಷ 121 ಡಿಗ್ರಿ ಸೆಲ್ಸಿಯಸ್ ಕಾವಿಗೂ ಜಗ್ಗದು. ಒಗ್ಗರಣೆ ಯಾವ ಲೆಕ್ಕ! ವಾಸನೆಯಿಂದಲೂ ತಿಳಿಯದು. ಉಳಿದದ್ದನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, 2 ಗಂಟೆಯೊಳಗೆ, ನಿಮ್ಮ ಸೀಮೆಯ ಬಿರುಬೇಸಿಗೆಯಲ್ಲಾದರೆ ಒಂದೇ ಗಂಟೆಯೊಳಗೆ, ಫ್ರಿಜ್ಜಿಗಿಡಿ. ಮರುದಿನವೇ ಮುಗಿಸಿ.

ತಂಗಳು ಮುದ್ದೆಗೂ ಇದೇ ಮಾತು. ಅದನ್ನು ಮಜ್ಜಿಗೆಯಲ್ಲಿ ಕಿವುಚಿ ಉಣ್ಣುವ ರೂಢಿ ನನಗೂ ಪ್ರಿಯ. ಹುಳಿ ಹೆಚ್ಚಿದಷ್ಟೂ ಈ ಜೀವಿಯ ಬೆಳವಣಿಗೆ ಕುಗ್ಗುತ್ತದೆ. ಆದರೆ ಹುಳಿಮಜ್ಜಿಗೆ ರಾತ್ರಿಯೇ ಬೀಳಬೇಕು. ಬೆಳಿಗ್ಗೆ ಹುಯ್ದರೆ ಆಗಲೇ ಹುಟ್ಟಿದ ವಿಷ ಹೋಗದು. ಪುಟ್ಟ ಮಕ್ಕಳಿಗೆ, ವಯಸ್ಸಾದವರಿಗೆ ಬಿಸಿಯಾಗಿ ಬೆಂದದ್ದನ್ನೇ ಬಡಿಸಿ.