ಕಬ್ಬಿನ ಹಾಲಿನಲ್ಲಿ ಮಣ್ಣು ತಳಕ್ಕಿಳಿಯುವ ಲೆಕ್ಕ



ಕಬ್ಬಿಗೆ ಅಂಟಿ ಬಂದ ಮಣ್ಣು ಗಾಣದಲ್ಲಿ ಹಾಲಿನೊಳಗೆ ಸೇರುತ್ತದೆ. ಅದರಲ್ಲಿ ಮರಳು, ರೇವೆ, ಜೇಡಿ ಹೀಗೆ ನಾನಾ ಗಾತ್ರದ ಕಣಗಳಿರುತ್ತವೆ. ಇಂಥ ದ್ರವದಲ್ಲಿ ಯಾವ ಕಣ ಎಷ್ಟು ಹೊತ್ತಿಗೆ ತಳ ಸೇರುವುದೆಂದು ಹೇಳುವ ಶಾಸ್ತ್ರವೇ ಇದೆ. ಅದರ ಸಾರ ತಿಳಿದರೆ 'ಹಿಡಿ ಮಣ್ಣಿನಿಂದ ಏನಾದೀತು?' ಎಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಮೊದಲ ಸೂತ್ರವನ್ನು 1851ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ಪ್ರಕಟಿಸಿದರು. ಕಣದ ಅಡ್ಡಳತೆ ಎರಡು ಪಟ್ಟಾದರೆ ಇಳಿಯುವ ವೇಗ ನಾಲ್ಕು ಪಟ್ಟು. ಹತ್ತು ಪಟ್ಟಾದರೆ ನೂರು ಪಟ್ಟು. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 0.02 ಮಿ.ಮೀ. ಕಣ 10 ಸೆಂ.ಮೀ. ಇಳಿಯಲು ಸುಮಾರು 5 ನಿಮಿಷ ಸಾಕು. 0.002 ಮಿ.ಮೀ. ಜೇಡಿ ಕಣಕ್ಕೆ ಸುಮಾರು 8 ಗಂಟೆ ಬೇಕು!

ಆದುದರಿಂದ ಬೆರಕೆ ಕಣಗಳಿಗೆ ಸರಾಸರಿ ಗಾತ್ರ ಹಿಡಿದು ಲೆಕ್ಕ ಮಾಡಿದರೆ ನಡೆಯದು. ಕಣಗಳನ್ನು ಗಾತ್ರದಂತೆ ವರ್ಗ ಮಾಡಿ, ಪ್ರತಿ ವರ್ಗದ ಪಾಲು ಮತ್ತು ವೇಗವನ್ನು ಬೇರೆಬೇರೆಯಾಗಿ ತೆಗೆದು, ಕೊನೆಗೆ ಕೂಡಿಸಬೇಕು.

ಇನ್ನೊಂದು ತೊಡಕು ದಟ್ಟಣೆಯದು. ಕಣಗಳು ಇಳಿದಂತೆ ಅವು ಸರಿಸಿದ ದ್ರವ ಮೇಲೇರಿ ಉಳಿದ ಕಣಗಳನ್ನು ತಡೆಯುತ್ತದೆ. ರಿಚರ್ಡ್‌ಸನ್ ಮತ್ತು ಝಾಕಿ ಎಂಬವರು 1954ರಲ್ಲಿ ಕೊಟ್ಟ ಸೂತ್ರದಂತೆ, ದ್ರವದ ಹತ್ತನೇ ಒಂದು ಪಾಲು ಸಣ್ಣ ಕಣಗಳಿಂದಲೇ ತುಂಬಿದ್ದರೆ ವೇಗ ಶೇಕಡಾ 60ರ ಸುಮಾರಿಗೆ ಇಳಿಯುತ್ತದೆ.

ಕಾರ್ಖಾನೆಯಲ್ಲಿ ಹಾಲಿಗೆ ಸುಣ್ಣ ಹಾಕಿ ಕಾಯಿಸುವುದು ಇದಕ್ಕಾಗಿಯೇ. ಹಾಲಿನಲ್ಲಿಯ ರಂಜಕ ಸುಣ್ಣದೊಡನೆ ಕೂಡಿ ಗರಣೆಗಟ್ಟುತ್ತದೆ. ಜೇಡಿ ಕಣಗಳು ಆ ಗರಣೆಯಲ್ಲಿ ಸಿಕ್ಕಿ, ದೊಡ್ಡ ಕಣದಂತೆ ಬೇಗ ತಳಕ್ಕಿಳಿಯುತ್ತವೆ. ಆದರೆ ಮಣ್ಣು ಹೆಚ್ಚಾದಷ್ಟೂ ರಾಡಿ ಹೆಚ್ಚು. ರಾಡಿಯನ್ನು ಎಷ್ಟೇ ಸೋಸಿ ತೊಳೆದರೂ ಪ್ರೆಸ್‌ಮಡ್ಡಿನೊಡನೆ ಸ್ವಲ್ಪ ಸಕ್ಕರೆ ಹೊರಹೋಗುತ್ತದೆ. ಕಬ್ಬಿನ ದರ ಸಕ್ಕರೆಯ ಉತಾರಕ್ಕೆ ಹೊಂದಿಕೊಂಡಿರುವುದರಿಂದ ಆ ಹಾನಿ ಸಭಾಸದರೆಲ್ಲರದೂ ಹೌದು. ನಮ್ಮ ಎರೆ ಮಣ್ಣಿನಲ್ಲಿ ಜೇಡಿಯೇ ಹೆಚ್ಚೆಂಬುದನ್ನು ಮರೆಯಬೇಡಿರಿ.

ಆದಕಾರಣ ತಾವು ಇಷ್ಟು ಮಾಡಬೇಕು:

1. ಕಟಾವಿಗೆ 10–15 ದಿನ ಮೊದಲೇ ನೀರು ನಿಲ್ಲಿಸಿರಿ. ಹಸಿ ಹೊಲದಲ್ಲಿ ಕಡಿಸಬೇಡಿರಿ.
2. ನೆಲಮಟ್ಟಕ್ಕೇ ಕಡಿಸಿರಿ, ಆದರೆ ಬೇರು ಮತ್ತು ಮಣ್ಣನ್ನು ಕೊಡವಿಸಿರಿ.
3. ಸುಳಿ, ರವದಿ ತೆಗೆಸಿರಿ. ಹೊರೆಗಳನ್ನು ಕೆಸರಿನಲ್ಲಿ ಎಳೆಯಗೊಡಬೇಡಿರಿ.

ನಂಬಿಕೆ ಬಾರದಿದ್ದರೆ ಗಾಜಿನ ಬಾಟಲಿಯಲ್ಲಿ ನಿಮ್ಮ ಹೊಲದ ಹಿಡಿ ಮಣ್ಣು ಹಾಕಿ, ನೀರು ತುಂಬಿ ಕುಲುಕಿ ಇಡಿರಿ. ಮರಳು ಕಣ್ಣೆದುರಿಗೇ ಇಳಿಯುವುದು. ರಾಡಿ ನೀರು ತಿಳಿಯಾಗಲು ಎಷ್ಟು ಹೊತ್ತು ಹಿಡಿಯುವುದೆಂದು ನೀವೇ ನೋಡಿರಿ.